ದಾಖಲೆ ಬರೆಯುವುದೂ ಒಂದು ಅಮಾನತ್



ಸರ್ವಸ್ತುತಿ ಅಲ್ಲಾಹನಿಗೆ. ಮೊದಲು ನಮಗೆ, ಆ ಬಳಿಕ ನಿಮಗೆ ನಾವು ತಕ್ವಾದ ಉಪದೇಶ ಮಾಡುತ್ತೇವೆ.

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್ ಯಾವ ವಿಷಯದ ಕುರಿತಾಗಿದೆ ಎಂದು ಕೇಳಿದರೆ ನಮ್ಮಲ್ಲಿ ಹಲವರು ನಮಾಝ್ ಎಂದೋ ಹಜ್ಜ್ ಎಂದೋ ಹೇಳಬಹುದು. ಅದು ಸಾಲವನ್ನು ಬರೆದಿಡುವ ಕುರಿತಾಗಿದೆ. ಅಲ್-ಬಕರಃ ಅಧ್ಯಾಯದ 282ನೇ ಆಯತ್. ಅವಧಿ ಗೊತ್ತುಪಡಿಸಿ ಸಾಲ ಮಾಡಿದರೆ ಬರೆದಿಡಬೇಕು, ಬರೆಯುವವನು ಇಬ್ಬರ ನಡುವೆ ನ್ಯಾಯವಾಗಿ ಬರೆಯಬೇಕು, ಸಾಲ ಪಡೆದವನೇ ಹೇಳಿ ಬರೆಸಬೇಕು, ಅವನು ದುರ್ಬಲನಾಗಿದ್ದರೆ ಅವನ ಪೋಷಕ ನ್ಯಾಯದಿಂದ ಹೇಳಿ ಬರೆಸಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು, ಬರೆದವನಿಗಾಗಲಿ ಸಾಕ್ಷಿಗಾಗಲಿ ತೊಂದರೆ ಕೊಡಬಾರದು. ಇಷ್ಟೆಲ್ಲ ಒಂದೇ ಆಯತ್‌ನಲ್ಲಿದೆ. ನಮ್ಮ ರಬ್ಬ್ ಇದನ್ನು ಎಷ್ಟು ಗಂಭೀರವಾಗಿ ಪರಿಗಣಿಸಿದ್ದಾನೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಇಂದು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಕಳೆದ ಕೆಲವು ತಿಂಗಳಿಂದ ಅಸರ್ ನಮಾಝಿನ ನಂತರ ಮಸೀದಿಯ ಕೋಣೆಗೆ ಬರುವವರ ಕೈಯಲ್ಲಿ ಒಂದು ಕಾಗದವಿರುತ್ತದೆ. ಬಾಡಿಗೆ ಕರಾರು, ಕೈಸಾಲದ ಪತ್ರ, ವಸಿಯ್ಯತ್, ಹಿಬಾ, ಪಾಲುಪಟ್ಟಿ. "ಮೊಬೈಲಿನಲ್ಲಿ ಮಾದರಿ ಸಿಕ್ಕಿತು ಉಸ್ತಾದ್, ಹೆಸರು ತುಂಬಿ ಪ್ರಿಂಟ್ ತೆಗೆಸಿದ್ದೇವೆ. ಇದು ಸಾಕಾ? ಇಲ್ಲಾ ಪತ್ರ ಬರಹಗಾರರ ಹತ್ತಿರ ಹೋಗಬೇಕಾ?" ಎಂದು ಕೇಳುತ್ತಾರೆ. ಹಣ ಉಳಿಸಬೇಕು ಎಂಬುದು ತಪ್ಪಲ್ಲ. ದುಂದು ಮಾಡಬಾರದೆಂದು ನಾವೇ ಈ ಮಿಂಬರಿನಿಂದ ಹೇಳುತ್ತೇವೆ. ಆದರೆ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂದು ತಿಳಿಯದಿದ್ದರೆ ಉಳಿಸಿದ ಸಾವಿರ ರೂಪಾಯಿ ಅಣ್ಣತಮ್ಮಂದಿರ ಸಂಬಂಧವನ್ನೇ ಕಳೆಯುತ್ತದೆ.

ನಮ್ಮ ಅರಿವಿನಲ್ಲಿರುವ ಒಂದು ಮನೆಯ ಸಂಗತಿ ಹೇಳುತ್ತೇವೆ. ಹೆಸರು ಬೇಡ, ಊರೂ ಬೇಡ. ಕೊಲ್ಲಿಯಲ್ಲಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ದುಡಿದು ಬಂದ ಹಿರಿಯರು. ಸಂಪಾದನೆಯಲ್ಲಿ ಉಳಿದದ್ದು ಒಂದು ಮನೆ. ಪತ್ನಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಕಾಯಿಲೆ ಬಿದ್ದಾಗ ನೋಡಿಕೊಂಡವನು ಕಿರಿಯ ಮಗ. ಆ ಮಗನಿಗೆ ಏನಾದರೂ ಮಾಡಬೇಕೆಂದು ಅವರ ಮನಸ್ಸು. ಮೊಬೈಲಿನಲ್ಲಿ ಸಿಕ್ಕ ವಸಿಯ್ಯತ್ ಮಾದರಿಯೊಂದರಲ್ಲಿ ತಮ್ಮ ಹೆಸರು, ವಿಳಾಸ, ಮನೆಯ ವಿವರ ತುಂಬಿದರು. ಮರಣಾನಂತರ ಮನೆ ಪೂರ್ತಿಯಾಗಿ ಕಿರಿಯ ಮಗನಿಗೆ ಎಂದು ಬರೆದರು. ನೆರೆಯ ಇಬ್ಬರು ಸಹಿ ಹಾಕಿದರು. ಕಾಗದ ಕಪಾಟಿಗೆ ಹೋಯಿತು.

ಅವರ ವಫಾತ್ ಆದ ನಲವತ್ತನೇ ದಿನಕ್ಕೆ ಕಾಗದ ಹೊರಬಂತು. ಹಿರಿಯ ಮಗ ಓದಿದ. ಹೆಣ್ಣುಮಕ್ಕಳು ಕೇಳಿಸಿಕೊಂಡರು. "ಅಬ್ಬಾ ನಮ್ಮನ್ನು ಮರೆತೇಬಿಟ್ಟರಾ?" ಎಂದು ಹಿರಿಯ ಮಗಳು ಅತ್ತಳು. ಇತ್ತ ಕಿರಿಯ ಮಗ, "ಅಬ್ಬಾ ಬರೆದ ಮಾತನ್ನು ನೀವು ಮೀರುತ್ತೀರಾ?" ಎಂದ. ಎರಡು ಈದ್ ಕಳೆದವು. ಆ ನಾಲ್ವರು ಒಂದೇ ಸುಪ್ರಾದಲ್ಲಿ ಕುಳಿತಿಲ್ಲ.

ಸಹೋದರರೇ, ಇಲ್ಲಿ ಕೆಟ್ಟವರು ಯಾರು? ಯಾರೂ ಅಲ್ಲ. ತಂದೆ ಒಳ್ಳೆಯವರು, ಸೇವೆ ಮಾಡಿದ ಮಗನೂ ಒಳ್ಳೆಯವನು, ಹಕ್ಕು ಕೇಳಿದ ಮಕ್ಕಳದ್ದೂ ತಪ್ಪಿಲ್ಲ. ಆದರೆ ಆ ಬರಹ ನಿಲ್ಲುವಂಥದ್ದಾಗಿರಲಿಲ್ಲ. ವಸಿಯ್ಯತ್ ಮಾಡಲು ನಮಗಿರುವ ಮಿತಿ ಆಸ್ತಿಯ ಮೂರನೇ ಒಂದು ಪಾಲು. ಸಅದ್ ಬಿನ್ ಅಬೀ ವಕ್ಕಾಸ್(ರ) ಅವರು ಕಾಯಿಲೆಯಲ್ಲಿದ್ದಾಗ ಹೆಚ್ಚು ಕೊಡಲು ಬಯಸಿದರೂ ಪ್ರವಾದಿ(ಸ) ಮೂರನೇ ಒಂದಕ್ಕೆ ನಿಲ್ಲಿಸಿದರು, ಅದೂ ಹೆಚ್ಚೇ ಎಂದು ತಿಳಿಸಿದರು. ಇನ್ನು ವಾರಸುದಾರರಿಗೆ ಅಲ್ಲಾಹನೇ ಪಾಲು ನಿಗದಿ ಮಾಡಿದ್ದಾನೆ. ಅವರಲ್ಲಿ ಒಬ್ಬರಿಗೆ ವಸಿಯ್ಯತ್ ಮೂಲಕ ಹೆಚ್ಚು ಕೊಟ್ಟರೆ ಉಳಿದ ವಾರಸುದಾರರು ಒಪ್ಪಿದರೆ ಮಾತ್ರ ಅದು ನಡೆಯುತ್ತದೆ. ನಮ್ಮ ದೇಶದ ನ್ಯಾಯಾಲಯಗಳೂ ಸುನ್ನೀ ಮುಸ್ಲಿಮರ ವಸಿಯ್ಯತ್ ವಿಷಯದಲ್ಲಿ ಇದನ್ನೇ ಅನುಸರಿಸುತ್ತವೆ.

ಲೆಕ್ಕಕ್ಕೆ ಸುಲಭವಾಗಲೆಂದು ಆ ಮನೆಯ ಬೆಲೆ 48 ಲಕ್ಷ ಎಂದಿಟ್ಟುಕೊಳ್ಳೋಣ. ಮೃತರ ತಂದೆತಾಯಿ ಬದುಕಿಲ್ಲ, ಸಾಲವೇನೂ ಇಲ್ಲ. ಪತ್ನಿಗೆ ಎಂಟನೇ ಒಂದು, ಅಂದರೆ 6 ಲಕ್ಷ. ಉಳಿದ 42 ಲಕ್ಷದಲ್ಲಿ ಒಬ್ಬೊಬ್ಬ ಮಗನಿಗೆ 14 ಲಕ್ಷ, ಒಬ್ಬೊಬ್ಬ ಮಗಳಿಗೆ 7 ಲಕ್ಷ. ಆ ಒಂದು ಕಾಗದ ತಾಯಿಯ 6 ಲಕ್ಷವನ್ನೂ ಅಳಿಸಿಹಾಕಿತ್ತು. ವಿಧವೆಯಾದ ಆ ತಾಯಿಯ ಹಕ್ಕಿನ ಮಾತನ್ನು ಜಗಳದಲ್ಲಿ ಯಾರೂ ಎತ್ತಲೇ ಇಲ್ಲ.

ಈಗ ಯೋಚಿಸಿ. ಆ ಮಾದರಿ ತಂದೆಯನ್ನು ಏನು ಕೇಳಿತ್ತು? ಹೆಸರು ಕೇಳಿತ್ತು, ವಯಸ್ಸು ಕೇಳಿತ್ತು, ಆಸ್ತಿಯ ವಿವರ ಕೇಳಿತ್ತು. "ನಿಮಗೆ ಎಷ್ಟು ಮಕ್ಕಳು? ನಿಮ್ಮ ಪತ್ನಿ ಇದ್ದಾರಾ? ಮಗಳಿಗೆ ಇದು ಗೊತ್ತಾ?" ಎಂದು ಕೇಳಲಿಲ್ಲ. ಮಾದರಿ ಪ್ರಶ್ನೆ ಕೇಳುವುದಿಲ್ಲ. ಎದುರು ಕುಳಿತ ಮನುಷ್ಯ ಕೇಳುತ್ತಾನೆ. ಅವನು ಕೇಳಿದ್ದರೆ ಮಗನ ಸೇವೆಗೆ ನ್ಯಾಯವಾದ ದಾರಿ ಯಾವುದು ಎಂದು ತಂದೆ ಬದುಕಿರುವಾಗಲೇ ಉಲೇಮಾಗಳಲ್ಲಿ ವಿಚಾರಿಸಬಹುದಿತ್ತು, ಮಕ್ಕಳನ್ನೆಲ್ಲ ಕೂರಿಸಿ ಮಾತಾಡಬಹುದಿತ್ತು.

ನುಅಮಾನ್ ಬಿನ್ ಬಶೀರ್(ರ) ಅವರ ಘಟನೆ ನಿಮಗೆ ಗೊತ್ತು. ಅವರ ತಂದೆ ಅವರಿಗೊಂದು ಕೊಡುಗೆ ಕೊಟ್ಟು, ಪ್ರವಾದಿ(ಸ)ರನ್ನು ಸಾಕ್ಷಿಯಾಗಿಸಲು ಬಂದರು. ಪ್ರವಾದಿ(ಸ) ಒಂದು ಪ್ರಶ್ನೆ ಕೇಳಿದರು: ಉಳಿದ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀರಾ ಎಂದು. ಇಲ್ಲ ಎಂದಾಗ, ಅನ್ಯಾಯಕ್ಕೆ ತಾವು ಸಾಕ್ಷಿಯಾಗುವುದಿಲ್ಲ ಎಂದರು. ಆ ಒಂದು ಪ್ರಶ್ನೆ ಒಂದು ಮನೆಯನ್ನು ಉಳಿಸಿತು. ನಮ್ಮ ನೆರೆಯವರು ಸಾಕ್ಷಿ ಸಹಿ ಹಾಕುವಾಗ ಆ ಪ್ರಶ್ನೆ ಕೇಳುತ್ತಾರೆಯೇ? ನಾವು ಕೇಳುತ್ತೇವೆಯೇ?

ಆಯತ್‌ನಲ್ಲಿ ಬರೆಯುವವನು ನಿಮ್ಮ ನಡುವೆ ಬರೆಯಲಿ ಎಂಬ ಅರ್ಥದ ಮಾತಿದೆ. ಈ "ನಡುವೆ" ಎಂಬುದನ್ನು ಗಮನಿಸಿ. ಬರೆಯುವವನು ಸಾಲ ಕೊಟ್ಟವನ ಕಡೆಯವನೂ ಅಲ್ಲ, ಪಡೆದವನ ಕಡೆಯವನೂ ಅಲ್ಲ. ಮೊಬೈಲಿನ ಮಾದರಿ ಯಾರ ಕೈಯಲ್ಲಿದೆಯೋ ಅವರ ಕಡೆಗೇ ಇರುತ್ತದೆ. ಮನೆಮಾಲೀಕ ತೆಗೆದರೆ ಮಾಲೀಕನ ಕಡೆಗೆ, ಅಣ್ಣ ತೆಗೆದರೆ ಅಣ್ಣನ ಕಡೆಗೆ. ಹಿಜರಿ 6ರಲ್ಲಿ ಹುದೈಬಿಯಾ ಒಪ್ಪಂದ ಬರೆದಾಗ ಅಲೀ(ರ) ಬರೆಯುತ್ತಿದ್ದರು, ಎರಡೂ ಕಡೆಯವರು ಕುಳಿತಿದ್ದರು. ಕುರೈಷರ ಪ್ರತಿನಿಧಿ ಸುಹೈಲ್ ಬಿನ್ ಅಮ್ರ್ ಒಂದೊಂದು ಪದಕ್ಕೂ ತಡೆದ. ಪ್ರವಾದಿ(ಸ) ಸಹನೆಯಿಂದ ಪದ ಬದಲಿಸಲು ಒಪ್ಪಿದರು. ದಾಖಲೆ ಎಂದರೆ ಅದು. ಇಬ್ಬರೂ ಕೇಳಿ, ಇಬ್ಬರಿಗೂ ತಡೆಯುವ ಅವಕಾಶವಿದ್ದು ಬರೆದದ್ದು.

ಹಾಗಾದರೆ ಮಾದರಿ ಎಲ್ಲಕ್ಕೂ ಬೇಡವೇ? ಹಾಗಲ್ಲ. ಚಿಕ್ಕ ವ್ಯವಹಾರಕ್ಕೆ ಮಾದರಿ ಒಳ್ಳೆಯ ಸಹಾಯ. ಭಾವ ಭಾವಮೈದುನರ ನಡುವಿನ ಕೈಸಾಲ, 11 ತಿಂಗಳ ಬಾಡಿಗೆ ಕರಾರು, ದಾಖಲೆಗಳಲ್ಲಿ ಹೆಸರಿನ ವ್ಯತ್ಯಾಸದ ಪ್ರಮಾಣಪತ್ರ, ಕಚೇರಿಗೆ ಅರ್ಜಿ. ಇವಕ್ಕೆ ಮಾದರಿ ನೋಡಿ ಬರೆಯಬಹುದು. ಏನೂ ಬರೆಯದೆ ಬಾಯಿಮಾತಿನಲ್ಲಿ ಬಿಡುವುದಕ್ಕಿಂತ ಅದು ಸಾವಿರ ಪಾಲು ಮೇಲು. ಆದರೆ ಮೂರು ಎಚ್ಚರಿಕೆ.

ಮೊದಲನೆಯದು ಬಡ್ಡಿ. ಅಂತರ್ಜಾಲದಲ್ಲಿ ಸಿಗುವ ಸಾಲಪತ್ರಗಳಲ್ಲಿ, ಪ್ರಾಮಿಸರಿ ನೋಟುಗಳಲ್ಲಿ "ವಾರ್ಷಿಕ ಶೇಕಡಾ ಇಷ್ಟು ಬಡ್ಡಿ ಸಮೇತ" ಎಂಬ ಸಾಲು ಸಾಮಾನ್ಯವಾಗಿ ಅಚ್ಚಾಗಿಯೇ ಬಂದಿರುತ್ತದೆ. ಬಾಯಲ್ಲಿ ಬಡ್ಡಿ ಬೇಡ ಎಂದವರು ಕಾಗದದಲ್ಲಿ ಬಡ್ಡಿಗೆ ಸಹಿ ಹಾಕಿರುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಇಬ್ಬರೂ ಓದಿರಲಿಲ್ಲ. ಆ ಸಾಲನ್ನು ತೆಗೆದು, ಮೂಲಮೊತ್ತ ಮಾತ್ರ ಮರುಪಾವತಿ ಎಂದು ಬರೆಯಿರಿ.

ಎರಡನೆಯದು ಅವಧಿ. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ, ಹಿಂದಿರುಗಿಸುವ ದಿನಾಂಕ ಬರೆಯಿರಿ. ಕೈಸಾಲಕ್ಕೆ ನ್ಯಾಯಾಲಯದಲ್ಲಿ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷದ ಮಿತಿಯಿದೆ. ಅದು ಮುಗಿಯುವ ಮೊದಲೇ ಸಾಲಗಾರ ಸಾಲವನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ ಅಂದಿನಿಂದ ಹೊಸ ಎಣಿಕೆ ಶುರುವಾಗುತ್ತದೆ. ಆದರೆ ಸಾಲ ಪಡೆದ ಸಹೋದರರು ಇದನ್ನು ತಪ್ಪಾಗಿ ತಿಳಿಯಬಾರದು. ಮೂರು ವರ್ಷ ಕಳೆದರೆ ನ್ಯಾಯಾಲಯದ ಬಾಗಿಲು ಮುಚ್ಚಬಹುದು, ಅಲ್ಲಾಹನ ಬಳಿ ಸಾಲ ಸಾಲವಾಗಿಯೇ ಉಳಿಯುತ್ತದೆ.

ಮೂರನೆಯದು ನಮ್ಮದೇ ತಪ್ಪಿನ ಕಥೆ. ನಾಚಿಕೆಯಾದರೂ ಹೇಳುತ್ತೇವೆ. ಮಸೀದಿಯ ಮಳಿಗೆಯೊಂದನ್ನು ಬಾಡಿಗೆಗೆ ಕೊಡುವಾಗ ನಮ್ಮ ಸಮಿತಿ ಸೈಬರ್ ಅಂಗಡಿಯಿಂದ ಒಂದು ಕರಾರು ತರಿಸಿತು. ನಾವೆಲ್ಲ ಸಹಿ ಹಾಕಿದೆವು. ಬಾಡಿಗೆದಾರರು ಬಾಕಿ ಉಳಿಸಿದಾಗ ಮೊದಲ ಬಾರಿ ಪೂರ್ತಿ ಓದಿದೆವು. ವಿವಾದ ಬಂದರೆ ದೆಹಲಿಯ ನ್ಯಾಯಾಲಯದಲ್ಲಿ ತೀರ್ಮಾನ ಎಂದಿತ್ತು! ಯಾವುದೋ ದೆಹಲಿಯ ಮನೆಗೆ ಮಾಡಿದ ಮಾದರಿ. ಅದಕ್ಕಿಂತ ದೊಡ್ಡ ತಪ್ಪೆಂದರೆ, ವಕ್ಫ್ ಆಸ್ತಿಯನ್ನು ಬಾಡಿಗೆಗೆ ಕೊಡಲು ಪ್ರತ್ಯೇಕ ನಿಯಮಗಳಿವೆ, 2014ರಲ್ಲಿ ಬಂದವು. ಸ್ವಂತ ಮನೆಯ ಕರಾರಿನಲ್ಲಿ ಅಲ್ಲಾಹನ ಹೆಸರಿಗೆ ಬಿಟ್ಟ ಆಸ್ತಿಯನ್ನು ಕೊಡಲಾಗದು. ಉಳಿಸಿದ್ದು ಕೆಲವು ನೂರು ರೂಪಾಯಿ, ಕಳೆದದ್ದು ತಿಂಗಳುಗಟ್ಟಲೆ ಬಾಡಿಗೆ. ಅದು ನಮ್ಮ ಹಣವೂ ಆಗಿರಲಿಲ್ಲ.

ಇನ್ನು ಮಾದರಿ ನೋಡಿ ಬರೆಯಲೇಬಾರದ ದಾಖಲೆಗಳಿವೆ. ಕ್ರಯಪತ್ರ, ಹಿಬಾ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರ, ಮುಖ್ತಿಯಾರುನಾಮೆ, ವಸಿಯ್ಯತ್. ಸುಲಭವಾಗಿ ಹೇಳುವುದಾದರೆ, ಭೂಮಿ, ಮನೆ ಅಥವಾ ವಾರಸುದಾರರು ಇರುವ ಕಡೆ ಮಾದರಿ ಬೇಡ.

ಹಿಬಾವನ್ನೇ ನೋಡಿ. ಹಿಬಾ ಪೂರ್ಣವಾಗಲು ಮೂರು ಬೇಕು. ಕೊಡುತ್ತೇನೆ ಎಂಬ ಘೋಷಣೆ, ಪಡೆಯುವವರ ಸ್ವೀಕಾರ, ಸ್ವಾಧೀನ ವಹಿಸಿಕೊಡುವುದು. ಮೊಬೈಲಿನ ದಾನಪತ್ರದಲ್ಲಿ "ನನ್ನ ಜೀವಿತಾವಧಿಯ ನಂತರ" ಎಂದು ಬರೆದಿರುತ್ತಾರೆ. ಹಾಗೆ ಬರೆದರೆ ಅದು ಹಿಬಾ ಆಗುವುದಿಲ್ಲ, ವಸಿಯ್ಯತ್ ಆಗುತ್ತದೆ. ಆಗ ಮೂರನೇ ಒಂದರ ಮಿತಿ, ವಾರಸುದಾರರ ಒಪ್ಪಿಗೆ ಎಲ್ಲ ಬಂದುಬಿಡುತ್ತವೆ. ಕೆಲವು ಮಾದರಿಗಳಲ್ಲಿ "ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿ" ಎಂಬ ಮಾತಿರುತ್ತದೆ. ಅದು ನಮ್ಮ ಹಿಂದೂ ಸಹೋದರರ ಕಾನೂನಿನ ಮಾತು. ನಮ್ಮಲ್ಲಿ ತಂದೆ ಬದುಕಿರುವಾಗ ಮಕ್ಕಳಿಗೆ ಹುಟ್ಟಿನಿಂದ ಬರುವ ಪಾಲು ಎಂಬುದಿಲ್ಲ. ಅರ್ಥ ತಿಳಿಯದೆ ಬರೆದ ಒಂದು ಪದ ಮುಂದೆ ವಕೀಲರ ಬಾಯಲ್ಲಿ ವರ್ಷಗಟ್ಟಲೆ ಸುತ್ತುತ್ತದೆ.

ಮುಖ್ತಿಯಾರುನಾಮೆಯ ವಿಷಯವೂ ಹಾಗೆಯೇ. ಕೊಲ್ಲಿಯಲ್ಲಿರುವ ನಮ್ಮ ಮಕ್ಕಳು ಊರಿನಲ್ಲಿ ಸೈಟು ಕೊಳ್ಳುವಾಗ "ಜಿಪಿಎ ಮಾಡಿಕೊಟ್ಟರೆ ಸಾಕು, ನೋಂದಣಿ ಆಮೇಲೆ" ಎಂಬ ಮಾತಿಗೆ ಒಪ್ಪಿಬಿಡುತ್ತಾರೆ. ಜಿಪಿಎ ಮೂಲಕ ಮಾರಾಟ ಮಾಡಿದರೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ನೋಂದಣಿಯಾದ ಕ್ರಯಪತ್ರವೇ ಬೇಕು. ಛಾಪಾ ಶುಲ್ಕವೂ ಸರಿಯಾಗಿರಬೇಕು. ಕಡಿಮೆ ಛಾಪಾ ಶುಲ್ಕದ ದಾಖಲೆಯನ್ನು ನ್ಯಾಯಾಲಯ ಹಾಗೆಯೇ ಪುರಾವೆಯಾಗಿ ಸ್ವೀಕರಿಸುವುದಿಲ್ಲ, ಬಾಕಿಯನ್ನೂ ಅದರ ಮೇಲೆ ದಂಡವನ್ನೂ ಕಟ್ಟಬೇಕಾಗುತ್ತದೆ.

ಇಂಥ ದಾಖಲೆಗಳಿಗೆ ಪರವಾನಗಿ ಪಡೆದ ಪತ್ರ ಬರಹಗಾರರ ಬಳಿ ಹೋಗಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಸುತ್ತ ಕುಳಿತವರೆಲ್ಲ ಪತ್ರ ಬರಹಗಾರರಲ್ಲ. ದಲ್ಲಾಳಿಗಳೂ ಇರುತ್ತಾರೆ. ಪರವಾನಗಿ ಇದೆಯೇ ಎಂದು ಕೇಳಿ. ಕೇಳಲು ಸಂಕೋಚ ಬೇಡ. ತಾನು ಬರೆದ ದಾಖಲೆಯಲ್ಲಿ ತನ್ನ ಹೆಸರು, ಪರವಾನಗಿ ಸಂಖ್ಯೆ ಹಾಕುವವರು ಆ ಬರಹಕ್ಕೆ ಹೊಣೆಯಾಗುತ್ತಾರೆ. ಮೊಬೈಲಿನ ಮಾದರಿಗೆ ಹೊಣೆ ಯಾರು? ಶುಲ್ಕ ಎಷ್ಟು ಎಂದು ಮೊದಲೇ ಮಾತಾಡಿ, ರಶೀದಿ ಪಡೆಯಿರಿ.

2023ರಲ್ಲಿ ನಮ್ಮ ರಾಜ್ಯದಲ್ಲಿ ಕಾವೇರಿ 2.0 ಬಂದ ಮೇಲೆ ನೋಂದಣಿಯ ವಿವರಗಳನ್ನು ಮನೆಯಿಂದಲೇ ತುಂಬಿ, ಶುಲ್ಕ ಕಟ್ಟಿ, ಸಮಯ ಗೊತ್ತುಮಾಡಿಕೊಂಡು ಹೋಗಬಹುದು. "ಎಲ್ಲ ಆನ್‌ಲೈನ್ ಆಗಿದೆ, ಇನ್ನು ಬರಹಗಾರರು ಯಾಕೆ?" ಎಂದು ನಮ್ಮ ಯುವಕರು ಕೇಳುತ್ತಾರೆ. ನೋಂದಣಿಯ ದಾರಿ ಸುಲಭವಾಗಿದೆ, ಅಲ್ಹಮ್ದುಲಿಲ್ಲಾಹ್. ಆದರೆ ಏನು ಬರೆಯಬೇಕು ಎಂಬ ಹೊಣೆ ಹಗುರವಾಗಿಲ್ಲ. ತಪ್ಪಾಗಿ ಬರೆದದ್ದು ಬೇಗ ನೋಂದಣಿಯಾದರೆ ತಪ್ಪು ಸರಿಯಾಗುವುದಿಲ್ಲ.

ಹಾಗೆಂದು ಬರಹಗಾರರ ಮೇಲೆ ಎಲ್ಲವನ್ನೂ ಹೇರಿ ಕಣ್ಣು ಮುಚ್ಚಿ ಕೂರಬೇಡಿ. ಅವರ ಕಂಪ್ಯೂಟರಿನಲ್ಲೂ ಮಾದರಿಗಳೇ ಇರುತ್ತವೆ. ಹಿಂದಿನವರ ಪತ್ರದ ಮೇಲೆ ನಿಮ್ಮ ಹೆಸರು ಹಾಕಿ ಕೊಟ್ಟರೆ ಅದಕ್ಕೂ ಮೊಬೈಲಿಗೂ ವ್ಯತ್ಯಾಸವಿಲ್ಲ. ನಮ್ಮ ಪರಿಚಯದವರೊಬ್ಬರು ಬರಹಗಾರರಿಗೆ ಹಣ ಕೊಟ್ಟು, ಓದದೆ ಸಹಿ ಹಾಕಿದರು. ಸರ್ವೆ ನಂಬರಿನ ಒಂದು ಅಂಕಿ ತಪ್ಪಾಗಿತ್ತು. ತಿದ್ದುಪಡಿ ಪತ್ರಕ್ಕೆ ಮಾರಿದವರ ಸಹಿ ಬೇಕು, ಅವರು ಅಷ್ಟರಲ್ಲಿ ಸೌದಿಗೆ ಹೋಗಿಯಾಗಿತ್ತು. ಆದ್ದರಿಂದ ಕರಡನ್ನು ಮನೆಗೆ ತನ್ನಿ. ಕನ್ನಡದಲ್ಲಿ ಗಟ್ಟಿಯಾಗಿ ಓದಿ. ಚಕ್ಕುಬಂದಿ, ಅಳತೆ, ಸರ್ವೆ ನಂಬರನ್ನು ಪಹಣಿ ಅಥವಾ ಖಾತೆಯೊಂದಿಗೆ ಹೋಲಿಸಿ. ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೇ ನೋಡಿ. ಖಾಲಿ ಜಾಗ ಬಿಡಬೇಡಿ, ಗೆರೆ ಎಳೆಯಿರಿ.

ಪತ್ರ ಬರಹಗಾರರು ವಕೀಲರಲ್ಲ, ಮುಫ್ತಿಯೂ ಅಲ್ಲ. ಜಗಳವಿರುವ ಆಸ್ತಿಗೆ ವಕೀಲರ ಸಲಹೆ ಬೇಕು. ಪಾಲಿನ ಲೆಕ್ಕಕ್ಕೆ ಉಲೇಮಾಗಳ ಬಳಿ ಬನ್ನಿ. ಲೆಕ್ಕವನ್ನು ಇಲ್ಲಿ ಮಾಡಿಸಿ, ಬರಹವನ್ನು ಅಲ್ಲಿ ಬರೆಸಿ. ವಕೀಲರಿಗೆ ಕೊಡಲು ಹಣವಿಲ್ಲ ಎಂದು ನಮ್ಮ ಸಹೋದರಿಯರು ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಪ್ರಾಧಿಕಾರದ ಕಚೇರಿ ಇದೆ, ತಾಲೂಕಿನಲ್ಲಿ ಸಮಿತಿ ಇದೆ. 15100ಕ್ಕೆ ಕರೆ ಮಾಡಿದರೂ ಆಯಿತು.

ಕೊನೆಯದಾಗಿ ಒಂದು ಮಾತು, ಇದು ಮನೆಯ ಗಂಡಸರಿಗೆ. ತಂದೆಯ ವಫಾತ್ ಆದ ಮೇಲೆ ಹಕ್ಕು ಬಿಡುಗಡೆ ಪತ್ರ ತಂದು, "ಇಲ್ಲೊಂದು ಸಹಿ ಹಾಕು ತಂಗಿ, ಖಾತೆ ಮಾಡಿಸಬೇಕು" ಎನ್ನುತ್ತೇವೆ. ಅವಳು ಅಣ್ಣನ ಮುಖ ನೋಡಿ ಸಹಿ ಹಾಕುತ್ತಾಳೆ. ಕಾಗದದಲ್ಲಿ ಏನಿದೆ ಎಂದು ಕೇಳುವುದಿಲ್ಲ. ಕೇಳಿದರೆ ತವರಿನ ಬಾಗಿಲು ಮುಚ್ಚೀತು ಎಂಬ ಭಯ. ಆ ಸಹಿ ಕಾನೂನಿನಲ್ಲಿ ನಿಲ್ಲಬಹುದು. ಕಿಯಾಮತ್ ದಿನ ಆ ಸಹಿಯನ್ನು ಹೇಗೆ ಪಡೆದಿರಿ ಎಂಬ ಪ್ರಶ್ನೆ ಬಂದರೆ ಉತ್ತರವೇನು? ದುರ್ಬಲರ ಪರವಾಗಿ ನ್ಯಾಯದಿಂದ ಹೇಳಿ ಬರೆಸಬೇಕು ಎಂದು ಆ ಆಯತ್ ನಮಗೆ ಕಲಿಸಿದೆ. ತಂಗಿಯ ಮುಂದೆ ಕಾಗದವನ್ನು ಪೂರ್ತಿ ಓದಿ. ಅವಳ ಪಾಲು ಎಷ್ಟು ಲಕ್ಷವಾಗುತ್ತದೆ ಎಂದು ಲೆಕ್ಕ ಹೇಳಿ. ಆಮೇಲೆ ಅವಳು ತಗೊಂಡರೂ ಅವಳ ಹಕ್ಕು, ಸಂತೋಷದಿಂದ ಬಿಟ್ಟರೂ ಅವಳ ಇಷ್ಟ.

ವಸಿಯ್ಯತ್ ಮಾಡಬೇಕಾದದ್ದು ಇರುವ ಮುಸ್ಲಿಮನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದು ಎಂಬ ಎಚ್ಚರಿಕೆ ಪ್ರವಾದಿ(ಸ)ರಿಂದ ನಮಗೆ ತಲುಪಿದೆ. ಇಂದು ಮನೆಗೆ ಹೋಗಿ ಒಂದು ನೋಟ್‌ಬುಕ್ ತೆಗೆಯಿರಿ. ಯಾರಿಗೆ ಕೊಡಬೇಕು, ಯಾರಿಂದ ಬರಬೇಕು, ಪತ್ನಿಯ ಮಹರ್ ಬಾಕಿ ಇದೆಯೇ, ಯಾರ ಅಮಾನತ್ ನಮ್ಮ ಬಳಿ ಇದೆ, ಇವಿಷ್ಟನ್ನು ನಿಮ್ಮ ಕೈಯಾರೆ ಬರೆಯಿರಿ. ಅದಕ್ಕೆ ಮಾದರಿಯೂ ಬೇಡ, ಬರಹಗಾರರೂ ಬೇಡ. ಮನೆ, ಭೂಮಿಯ ಮಾತು ಬಂದಾಗ ಮಾತ್ರ ಎಲ್ಲರನ್ನೂ ಕೂರಿಸಿ, ನಡುವೆ ಕುಳಿತು ನ್ಯಾಯವಾಗಿ ಬರೆಯುವವರನ್ನು ಹುಡುಕಿ.

ಯಾ ಅಲ್ಲಾಹ್, ನಮ್ಮ ಬರಹದಲ್ಲಿ ನ್ಯಾಯವನ್ನೂ ನಮ್ಮ ಸಾಕ್ಷ್ಯದಲ್ಲಿ ಸತ್ಯವನ್ನೂ ಇರಿಸು. ಸಾಲದಲ್ಲಿರುವವರ ಹೊರೆಯನ್ನು ಇಳಿಸು. ಒಂದು ಕಾಗದದಿಂದ ಒಡೆದುಹೋದ ಮನೆಗಳನ್ನು ಮತ್ತೆ ಒಂದೇ ಸುಪ್ರಾದಲ್ಲಿ ಕೂರಿಸು. ಆಮೀನ್.